ಘನವಸ್ತುವಿನೊಳಗೆ ಫ್ಯೂಷನ್: ಲೋಹ ನಿಜಕ್ಕೂ ಏನು ಮಾಡುತ್ತದೆ?

ಇಬ್ಬನಿ

2025ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದ ಬಗ್ಗೆ ಇಲ್ಲಿ ಮಾತಾಡಬೇಕು ಅನಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಮೇಜಿನ ಮೇಲೆ ಹಿಡಿಸುವಂಥ ಯಂತ್ರವೊಂದನ್ನು ಮಾಡಿದ್ದಾರೆ. ಪಲ್ಲಾಡಿಯಂ ಲೋಹದ ತಗಡಿನ ಒಂದು ಮುಖಕ್ಕೆ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಅಯಾನುಗಳು ರಭಸದಿಂದ ಬಂದು ಬಡಿಯುತ್ತವೆ. ಇನ್ನೊಂದು ಮುಖ ಭಾರಜಲದ, ಅಂದರೆ ಡ್ಯೂಟೀರಿಯಂ ಇರುವ ನೀರಿನ, ಕಡೆಗಿದೆ. ಅಲ್ಲಿ ವಿದ್ಯುತ್ ಹರಿಸಿ ಅದೇ ತಗಡಿಗೆ ಇನ್ನಷ್ಟು ಡ್ಯೂಟೀರಿಯಂ ತುಂಬಿಸುತ್ತಾರೆ. ಹಾಗೆ ತುಂಬಿಸಿದಾಗ ಫ್ಯೂಷನ್, ಅಂದರೆ ನ್ಯೂಕ್ಲಿಯಸ್‌ಗಳು ಬೆಸೆಯುವ ಕ್ರಿಯೆಯ, ದರ ಸರಾಸರಿ 15% ಏರಿತು. ಬರೀ 1 ವೋಲ್ಟ್ ಮಾಡಿದ ಈ ಕೆಲಸವನ್ನು ಅನಿಲದ ಒತ್ತಡದಿಂದಲೇ ಮಾಡಬೇಕಿದ್ದರೆ ವಾತಾವರಣದ ಒತ್ತಡದ 800 ಪಟ್ಟು ಬೇಕಿತ್ತಂತೆ.

ಇದರಿಂದ ಕರೆಂಟು ಬರುವುದಿಲ್ಲ, ಅದು ಗೊತ್ತು. ಯಂತ್ರ ತೆಗೆದುಕೊಂಡದ್ದು 15 ವ್ಯಾಟ್, ಫ್ಯೂಷನ್ ಕೊಟ್ಟದ್ದು ಒಂದು ವ್ಯಾಟಿನ ನೂರು ಕೋಟಿಯಲ್ಲಿ ಒಂದು ಪಾಲು. ನನ್ನ ತಲೆಯಲ್ಲಿ ಉಳಿದಿರುವ ಪ್ರಶ್ನೆ ಬೇರೆ. ಇಲ್ಲಿ ಲೋಹ ಸುಮ್ನೆ ಇಂಧನ ಹಿಡಿದಿಟ್ಟುಕೊಳ್ಳುವ ಪಾತ್ರೆಯಾ? ಅಥವಾ ಎರಡು ನ್ಯೂಕ್ಲಿಯಸ್‌ಗಳು ಬೆಸೆಯುವ ಆ ಕ್ಷಣದಲ್ಲಿ ಅದೂ ಕೈ ಹಾಕುತ್ತದಾ? ಪಲ್ಲಾಡಿಯಂ ತನ್ನ ಗಾತ್ರದ 900 ಪಟ್ಟು ಹೈಡ್ರೋಜನ್ ಅನಿಲವನ್ನು ಹೀರಿಕೊಳ್ಳುತ್ತದೆ ಅಂತ ಓದಿದ್ದೇನೆ. ಅಷ್ಟನ್ನು ಒಳಗೆ ತುರುಕಿದರೆ ಕಣಗಳು ಒಂದಕ್ಕೊಂದು ಒತ್ತಿಕೊಂಡೇ ಇರಬೇಕಲ್ವಾ?

ಅಲೆಗಣಿತ

ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಎಲ್ಲರೂ ಎಡವುವ ಕಲ್ಲು ಅದೇ. ಒತ್ತಿಕೊಂಡಿರುವುದಿಲ್ಲ.

ಪಲ್ಲಾಡಿಯಂ ಹರಳಿನಲ್ಲಿ ಡ್ಯೂಟೀರಿಯಂ ಹೋಗಿ ಕೂರುವುದು ಲೋಹದ ಪರಮಾಣುಗಳ ನಡುವಿನ ಸಂದುಗಳಲ್ಲಿ. ಅಕ್ಕಪಕ್ಕದ ಎರಡು ಸಂದುಗಳ ನಡುವಿನ ದೂರ ಸುಮಾರು 2.8 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು). ಮಾಮೂಲಿ ಡ್ಯೂಟೀರಿಯಂ ಅನಿಲದ ಒಂದು ಅಣು ತೆಗೆದುಕೊಳ್ಳಿ. ಅದರಲ್ಲಿ ಎರಡು ನ್ಯೂಕ್ಲಿಯಸ್‌ಗಳ ನಡುವೆ ಇರುವುದು 0.74 ಆಂಗ್‌ಸ್ಟ್ರಾಂ ಮಾತ್ರ. ಅಂದರೆ ಲೋಹದೊಳಗೆ ಹೋದ ಮೇಲೆ ಅವು ಮೊದಲಿಗಿಂತ ದೂರವಾಗುತ್ತವೆ! ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಕಣ ಇವೆ ಅನ್ನುವುದು ಜಾಸ್ತಿ ಆಗುತ್ತದೆ, ನಿಜ. ಆದರೆ ಒಂದು ಜೋಡಿಯ ನಡುವಿನ ಅಂತರ ಕಡಿಮೆ ಆಗುವುದಿಲ್ಲ. ಇವೆರಡೂ ಬೇರೆ ಬೇರೆ ಮಾತು.

ಫ್ಯೂಷನ್‌ಗೆ ಬೇಕಾಗಿರುವುದು ಆಂಗ್‌ಸ್ಟ್ರಾಂನ ಲಕ್ಷದಲ್ಲಿ ಕೆಲವು ಪಾಲಿನಷ್ಟು ಹತ್ತಿರ. ಎರಡೂ ಧನ ವಿದ್ಯುದಂಶದವು, ತಳ್ಳಾಡುತ್ತವೆ. ಆ ತಳ್ಳಾಟದ ಗೋಡೆಯನ್ನು ಹತ್ತಿ ಇಳಿಯಲು ನೂರಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ ಬೇಕು. ಕೋಣೆಯ ತಾಪದಲ್ಲಿ ಕಣಕ್ಕೆ ಇರುವುದು ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತರಲ್ಲಿ ಒಂದು ಪಾಲು. ಹಾಗಿದ್ದೂ ಗೋಡೆಯ ಮೂಲಕ ನುಸುಳಿ ಹೋಗುವ ದಾರಿ ಇದೆ ಅಂತ ಭೌತವಿಜ್ಞಾನಿ ಗ್ಯಾಮೊ 1928ರಲ್ಲಿ ತೋರಿಸಿದರು. ಅದೇ ಕ್ವಾಂಟಂ ಟನೆಲಿಂಗ್. ಆದರೆ ಆ ಸಾಧ್ಯತೆ ಅಂತರವನ್ನು ನಂಬಿಕೊಂಡಿದೆ, ಅದೂ ಘಾತೀಯವಾಗಿ. 1989ರಲ್ಲಿ ಕೂನಿನ್ ಮತ್ತು ನೌವೆನ್‌ಬರ್ಗ್ ಇದನ್ನು ಲೆಕ್ಕ ಹಾಕಿದರು. ಡ್ಯೂಟೀರಿಯಂ ಅಣುವೊಂದು ತನ್ನಷ್ಟಕ್ಕೆ ಬೆಸೆಯುವ ಸಾಧ್ಯತೆ ಸೆಕೆಂಡಿಗೆ ಎಷ್ಟು ಅಂದರೆ, ದಶಮಾಂಶ ಬಿಂದುವಿನ ನಂತರ 63 ಸೊನ್ನೆ ಬರೆದು ಆಮೇಲೆ 3. ಲೋಹದಲ್ಲಿ ಅಂತರ ಇನ್ನೂ ದೊಡ್ಡದು ಅಂದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟದಾಗಬೇಕು.

ಆದ್ದರಿಂದ ಲೋಹ ಏನಾದರೂ ಮಾಡುತ್ತದೆ ಅಂದರೆ ಅದು ಒತ್ತುವ ಮೂಲಕ ಅಲ್ಲ. ಬೇರೆ ದಾರಿ ಹುಡುಕಬೇಕು.

ಸಣ್ಣಪ್ರಶ್ನೆ

ಆ ಬೇರೆ ದಾರಿ ಎಲೆಕ್ಟ್ರಾನ್‌ಗಳಾ?

ಕಿರಣಶಾಲೆ

ಹೌದು, ಎಲೆಕ್ಟ್ರಾನ್‌ಗಳೇ. ನಾನು ಕೆಲ ಕಾಲ ಕಡಿಮೆ ಶಕ್ತಿಯ ವೇಗವರ್ಧಕವೊಂದರಲ್ಲಿ ಇದೇ ಕೆಲಸ ಮಾಡಿದ್ದೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಡ್ಯೂಟೀರಿಯಂ ನ್ಯೂಕ್ಲಿಯಸ್‌ಗಳು ಹತ್ತಿರ ಬರುವಾಗ ನಡುವೆ ಋಣ ವಿದ್ಯುದಂಶದ ಮೋಡ ಇದ್ದರೆ ತಳ್ಳಾಟ ಒಂಚೂರು ಕಡಿಮೆ ಆಗುತ್ತದೆ. ಇದನ್ನು ಎಲೆಕ್ಟ್ರಾನ್ ಮರೆ ಅಂತ ಕರೆಯೋಣ. ನಕ್ಷತ್ರಗಳಿಗೆ ಇದರ ಲೆಕ್ಕವನ್ನು ಸಾಲ್ಪೀಟರ್ 1954ರಲ್ಲೇ ಕೊಟ್ಟಿದ್ದರು. ಒಂಟಿ ಪರಮಾಣುಗಳಲ್ಲಿ ಈ ಮರೆಯ ಬೆಲೆ ಸುಮಾರು 25 ಎಲೆಕ್ಟ್ರಾನ್ ವೋಲ್ಟ್. ಡ್ಯೂಟೀರಿಯಂ ಅನಿಲವನ್ನೇ ಗುರಿಯಾಗಿ ಇಟ್ಟು ಅಳೆದಾಗಲೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ.

ಆಶ್ಚರ್ಯ ಕಾದಿದ್ದು ಲೋಹದಲ್ಲಿ. ಚೆರ್ಸ್ಕಿ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಂಕಿಗಳು ಇವು: ಅಲ್ಯೂಮಿನಿಯಂನಲ್ಲಿ ಸುಮಾರು 190, ಜಿರ್ಕೋನಿಯಂನಲ್ಲಿ ಸುಮಾರು 300, ಟ್ಯಾಂಟಲಂನಲ್ಲಿ 320ರ ಆಸುಪಾಸು. ಆಮೇಲೆ ಜರ್ಮನಿಯ ಬೋಖುಂನ ತಂಡ ಹತ್ತಾರು ಲೋಹಗಳನ್ನು ಸಾಲಾಗಿ ಅಳೆಯಿತು. ಟ್ಯಾಂಟಲಂ ಅಲ್ಲೂ 300ರ ಹತ್ತಿರವೇ ಬಂತು. ಪಲ್ಲಾಡಿಯಂ 800 ಮುಟ್ಟಿತು. ಜಪಾನಿನ ತಂಡವೊಂದಕ್ಕೆ ಪಲ್ಲಾಡಿಯಂನಲ್ಲಿ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ. ಆದರೆ ಪಲ್ಲಾಡಿಯಂ ಆಕ್ಸೈಡಿನಲ್ಲಿ ಅವರಿಗೆ 600 ಸಿಕ್ಕಿತು. ಒಂದೇ ಲೋಹಕ್ಕೆ ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಈ ಅಳತೆ ಅಷ್ಟು ನಾಜೂಕು.

ಹೇಗೆ ನಾಜೂಕು ಅಂತ ನೋಡಿ. ನಿರ್ವಾತ ಕೊಠಡಿಯಲ್ಲಿ ಲೋಹದ ಚಿಕ್ಕ ಬಿಲ್ಲೆ ಇರುತ್ತದೆ. ಅದಕ್ಕೆ 10 ಸಾವಿರ ಎಲೆಕ್ಟ್ರಾನ್ ವೋಲ್ಟಿನ ಡ್ಯೂಟೀರಿಯಂ ಕಿರಣ ಬಡಿಯುತ್ತದೆ. ಪಕ್ಕದಲ್ಲಿ ಸಿಲಿಕಾನ್ ಶೋಧಕ, ಅದರ ಮುಂದೆ ತೆಳುವಾದ ಅಲ್ಯೂಮಿನಿಯಂ ಹಾಳೆ. ಚದುರಿ ಬರುವ ಡ್ಯೂಟೀರಿಯಂ ಆ ಹಾಳೆಯಲ್ಲೇ ನಿಂತುಬಿಡುತ್ತದೆ. ಫ್ಯೂಷನ್‌ನಿಂದ ಹುಟ್ಟಿದ 30 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನ್ ದಾಟಿ ಬರುತ್ತದೆ. ಪರದೆಯ ಮೇಲೆ ಒಂದೊಂದೇ ಚುಕ್ಕಿ ಬೀಳುತ್ತದೆ. ಕಿರಣ ಲೋಹದೊಳಗೆ ಹೋಗುವುದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಆಳ. ಕೊಠಡಿಯಲ್ಲಿ ಪಂಪಿನ ಎಣ್ಣೆಯ ಆವಿ ತುಸು ಉಳಿದಿದ್ದರೂ ಸಾಕು, ಕಿರಣ ಬೀಳುವ ಜಾಗದಲ್ಲಿ ಇಂಗಾಲ ಕಟ್ಟಿ ಕಂದು ಕಲೆ ಮೂಡುತ್ತದೆ. ಆ ಪದರ ದಾಟುವಾಗ ಕಿರಣದ ಶಕ್ತಿ ಇಳಿಯುತ್ತದೆ, ಎಣಿಕೆಯೂ ಇಳಿಯುತ್ತದೆ. ಕಿರಣದ ಬಿಸಿಗೆ ಬಿಲ್ಲೆಯೊಳಗಿನ ಡ್ಯೂಟೀರಿಯಂ ಜಾಗ ಬದಲಿಸುತ್ತದೆ. ಇವೆಲ್ಲವನ್ನೂ ಸರಿಯಾಗಿ ಕಳೆದ ಮೇಲೆ ಉಳಿಯುವುದೇ ಲೋಹದ ಪಾಲು. ಕಳೆಯುವುದರಲ್ಲಿ ಎಚ್ಚರ ತಪ್ಪಿದರೆ ಕಲೆಯನ್ನೇ ಭೌತವಿಜ್ಞಾನ ಅಂದುಕೊಳ್ಳುತ್ತೇವೆ.

ಸಣ್ಣಪ್ರಶ್ನೆ

300 ಎಲೆಕ್ಟ್ರಾನ್ ವೋಲ್ಟ್ ಅಂದರೆ ಗೋಡೆಯ ಎತ್ತರದ ಮುಂದೆ ಏನೇನೂ ಅಲ್ಲವಲ್ಲ. ಅದರಿಂದ ಏನು ಬದಲಾಗುತ್ತದೆ?

ಅಲೆಗಣಿತ

ಕಿರಣದ ಶಕ್ತಿ ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. 300ರ ಮರೆ ಇದೆ ಅಂತ ಇಟ್ಟುಕೊಂಡು ಲೆಕ್ಕ ಮಾಡಿ ನೋಡಿ. ಇಲ್ಲಿ ಶಕ್ತಿ ಅಂದರೆ ಎರಡು ಕಣಗಳ ನಡುವಿನ ಸಾಪೇಕ್ಷ ಶಕ್ತಿ. 15 ಸಾವಿರ ಎಲೆಕ್ಟ್ರಾನ್ ವೋಲ್ಟಿನಲ್ಲಿ ದರ ಏರುವುದು ಸುಮಾರು 6% ಮಾತ್ರ. 5 ಸಾವಿರದಲ್ಲಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. 1 ಸಾವಿರಕ್ಕೆ ಇಳಿದರೆ ಮೂವತ್ತು ನಲವತ್ತು ಪಟ್ಟು! ಕೆಳಗೆ ಹೋದಷ್ಟೂ ಲೋಹದ ಕೈ ಗಟ್ಟಿಯಾಗಿ ಕಾಣುತ್ತದೆ.

ಆದರೆ ಇದರ ಜೊತೆಗೇ ಇನ್ನೊಂದು ಲೆಕ್ಕ ಇದೆ. 5 ಸಾವಿರದಿಂದ 1 ಸಾವಿರಕ್ಕೆ ಇಳಿಯುವಷ್ಟರಲ್ಲಿ ಮೂಲ ದರವೇ ಲಕ್ಷಗಟ್ಟಲೆ ಪಟ್ಟು ಕುಸಿದಿರುತ್ತದೆ. ನಲವತ್ತು ಪಟ್ಟು ಸಿಕ್ಕರೂ ಒಟ್ಟು ಎಣಿಕೆ ತೀರಾ ಕಡಿಮೆ. ಹಾಗಾಗಿ ಮರೆ ಇರುವುದು ನಿಜ, ಅದರಿಂದ ಒಲೆ ಹೊತ್ತುವುದಿಲ್ಲ ಅನ್ನುವುದೂ ನಿಜ.

ಮರೆ ನಿಜಕ್ಕೂ ದೊಡ್ಡದಾದರೆ ಏನಾಗಬಹುದು ಅನ್ನುವುದಕ್ಕೆ ಮ್ಯೂಆನ್ ನೋಡಬೇಕು. ಎಲೆಕ್ಟ್ರಾನ್‌ಗಿಂತ 207 ಪಟ್ಟು ಭಾರದ ಕಣ ಅದು. ಎಲೆಕ್ಟ್ರಾನ್ ಜಾಗದಲ್ಲಿ ಮ್ಯೂಆನ್ ಕೂತರೆ ಅಣು ಸುಮಾರು 200 ಪಟ್ಟು ಕುಗ್ಗುತ್ತದೆ, ಫ್ಯೂಷನ್ ತಣ್ಣಗಿನ ಹೈಡ್ರೋಜನ್‌ನಲ್ಲೇ ನಡೆಯುತ್ತದೆ. ಫ್ರಾಂಕ್ ಮತ್ತು ಸಖರೋವ್ 1940ರ ದಶಕದಲ್ಲಿ ಊಹಿಸಿದ್ದನ್ನು 1956ರಲ್ಲಿ ಅಲ್ವರೆಜ್ ತಂಡ ಕಣ್ಣಾರೆ ಕಂಡಿತು. ಡ್ಯೂಟೀರಿಯಂ ಮತ್ತು ಟ್ರಿಟಿಯಂ (ಅದಕ್ಕಿಂತಲೂ ಭಾರದ ಹೈಡ್ರೋಜನ್) ಮಿಶ್ರಣದಲ್ಲಿ ಒಂದು ಮ್ಯೂಆನ್ 150ರ ಹತ್ತಿರ ಫ್ಯೂಷನ್ ಮಾಡಿಸಿದ್ದೂ ಇದೆ. ಆದರೆ ಆಮೇಲೆ ಅದು ಹೀಲಿಯಂಗೆ ಅಂಟಿಕೊಂಡು ಬಿಡುತ್ತದೆ. ಒಂದು ಮ್ಯೂಆನ್ ಹುಟ್ಟಿಸಲು ಖರ್ಚಾಗುವ ಶಕ್ತಿ ಅದು ಕೊಡುವುದಕ್ಕಿಂತ ಜಾಸ್ತಿ. ಹಾಗಾಗಿ ಆ ದಾರಿ ಅಲ್ಲೇ ನಿಂತಿದೆ.

ತೆರೆದಬಾಗಿಲು

ಕೆಲವು ಹರಳುಗಳಲ್ಲಿ ಎಲೆಕ್ಟ್ರಾನ್‌ಗಳ ಪರಿಣಾಮಕಾರಿ ದ್ರವ್ಯರಾಶಿ ಮಾಮೂಲಿಗಿಂತ ನೂರಾರು ಪಟ್ಟು ಇರುತ್ತದೆ ಅಂತಾರೆ. ಭಾರದ ಎಲೆಕ್ಟ್ರಾನ್ ಲೋಹದಲ್ಲೇ ಸಿಗುತ್ತದೆ ಅಂದ ಮೇಲೆ ಮ್ಯೂಆನ್ ಯಾಕೆ ಬೇಕು?

ಅಲೆಗಣಿತ

ಒಳ್ಳೆ ಪ್ರಶ್ನೆ. ಆ ನೂರಾರು ಪಟ್ಟು ಅನ್ನುವುದು ಎಲೆಕ್ಟ್ರಾನ್ ಹಲವು ಪರಮಾಣುಗಳನ್ನು ದಾಟಿ ಚಲಿಸುವಾಗಿನ ಮಾತು. ಸುತ್ತಲಿನವರ ಎಳೆತ ಸೇರಿ ಅದು ಭಾರವಾದಂತೆ ನಡೆದುಕೊಳ್ಳುತ್ತದೆ. ಎರಡು ನ್ಯೂಕ್ಲಿಯಸ್‌ಗಳ ನಡುವಿನ ಪುಟ್ಟ ಜಾಗದಲ್ಲಿ ಸುತ್ತಲಿನವರು ಯಾರೂ ಇಲ್ಲ. ಅಲ್ಲಿ ಎಲೆಕ್ಟ್ರಾನ್‌ಗೆ ಅದರ ಸ್ವಂತ ತೂಕವೇ. ಮ್ಯೂಆನ್ ಎಲ್ಲಿ ಹೋದರೂ 207 ಪಟ್ಟೇ ಇರುತ್ತದೆ.

ತೆರೆದಬಾಗಿಲು

ಸರಿ. ಆದರೂ 1989ರ ವಿಷಯ ಎತ್ತದೆ ಈ ಚರ್ಚೆ ಮುಗಿಯಬಾರದು. ಮಾರ್ಚ್ 23ರಂದು ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಪತ್ರಿಕಾಗೋಷ್ಠಿ ಕರೆದರು. ಭಾರಜಲದಲ್ಲಿ ಪಲ್ಲಾಡಿಯಂ ಇಟ್ಟು ಕರೆಂಟು ಹರಿಸಿದಾಗ ರಾಸಾಯನಿಕ ಕ್ರಿಯೆಗೆ ಮೀರಿದ ಶಾಖ ಬಂತು ಅಂದರು. ಅವರು ಸಾಮಾನ್ಯರಲ್ಲ, ಫ್ಲೈಶ್‌ಮನ್ ಹೆಸರಾಂತ ವಿದ್ಯುದ್ರಸಾಯನ ತಜ್ಞ. ಆಮೇಲೂ ಎಷ್ಟೋ ಕಡೆ ಹೆಚ್ಚುವರಿ ಶಾಖ ಕಂಡಿದ್ದೇವೆ ಅಂದವರಿದ್ದಾರೆ. ಅವರೆಲ್ಲರನ್ನೂ ಒಂದೇ ಏಟಿಗೆ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕಿರಣಶಾಲೆ

ಅವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶಾಖ ಅಳೆಯುವುದು ಬಹಳ ಕಷ್ಟ, ಕಣ ಎಣಿಸುವುದು ಅದಕ್ಕಿಂತ ಎಷ್ಟೋ ನಂಬಿಕಸ್ಥ. ಎರಡು ಡ್ಯೂಟೀರಿಯಂ ಬೆಸೆದರೆ ಹೆಚ್ಚುಕಡಿಮೆ ಅರ್ಧ ಸಲ ಹೀಲಿಯಂ-3 ಮತ್ತು ನ್ಯೂಟ್ರಾನ್ ಬರುತ್ತವೆ, ಇನ್ನರ್ಧ ಸಲ ಟ್ರಿಟಿಯಂ ಮತ್ತು ಪ್ರೋಟಾನ್. ಹೀಲಿಯಂ-4 ಮತ್ತು ಗಾಮಾ ಕಿರಣ ಬರುವುದು ಕೋಟಿಯಲ್ಲಿ ಒಂದು ಸಲದ ಮಟ್ಟಿಗೆ.

ಈಗ 1 ವ್ಯಾಟ್ ಶಾಖ ಈ ಕ್ರಿಯೆಯಿಂದ ಬಂತು ಅನ್ನಿ. ಸೆಕೆಂಡಿಗೆ 1.7 ಲಕ್ಷ ಕೋಟಿ ಫ್ಯೂಷನ್ ಆಗಬೇಕು. ಅಂದರೆ ಸೆಕೆಂಡಿಗೆ 85 ಸಾವಿರ ಕೋಟಿ ನ್ಯೂಟ್ರಾನ್. ಆ ಗಾಜಿನ ಪಾತ್ರೆಯ ಪಕ್ಕ ನಿಂತು ಕೆಲಸ ಮಾಡಿದವರು ಬದುಕಿ ಉಳಿಯುತ್ತಿರಲಿಲ್ಲ. ಅವರು ಆರೋಗ್ಯವಾಗಿದ್ದರು.

ಇದಕ್ಕಿಂತ ಹಳೆಯ ಕಥೆ ಒಂದಿದೆ, ಅದು ನನಗೆ ತುಂಬಾ ಇಷ್ಟ. 1926ರಲ್ಲಿ ಬರ್ಲಿನ್ನಿನಲ್ಲಿ ಪಾನೆತ್ ಮತ್ತು ಪೀಟರ್ಸ್ ಪಲ್ಲಾಡಿಯಂ ಒಳಗೆ ಹೈಡ್ರೋಜನ್ ಹೀಲಿಯಂ ಆಗುತ್ತಿದೆ ಅಂತ ಬರೆದರು. ಆಮೇಲೆ ತಮ್ಮ ಉಪಕರಣವನ್ನೇ ಕೂಲಂಕಷವಾಗಿ ಪರೀಕ್ಷಿಸಿದರು. ಬಿಸಿಯಾದ ಗಾಜು ಹೈಡ್ರೋಜನ್ ಇದ್ದಾಗ ತಾನು ಹಿಡಿದಿಟ್ಟುಕೊಂಡ ಹೀಲಿಯಂ ಬಿಟ್ಟುಕೊಡುತ್ತದೆ ಅಂತ ಗೊತ್ತಾಯಿತು. ಮರುವರ್ಷವೇ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಅಂಥ ವಿಜ್ಞಾನಿಗಳ ಮೇಲೆ ನನಗಿರುವ ಗೌರವ ಹೇಳತೀರದು.

ಇನ್ನು, ಯಾರೂ ಮತ್ತೆ ಪ್ರಾಮಾಣಿಕವಾಗಿ ನೋಡಲಿಲ್ಲ ಅಂತಲೂ ಅಲ್ಲ. ಗೂಗಲ್ ಹಣ ಕೊಟ್ಟು ಹಲವು ವಿಶ್ವವಿದ್ಯಾಲಯಗಳ ಸುಮಾರು 30 ಜನರ ತಂಡ ವರ್ಷಗಟ್ಟಲೆ ಕೆಲಸ ಮಾಡಿತು. 2019ರಲ್ಲಿ ವರದಿ ಬಂತು. ಹೆಚ್ಚುವರಿ ಶಾಖಕ್ಕೆ ಪುರಾವೆ ಸಿಗಲಿಲ್ಲ. ಆದರೆ ಲೋಹಕ್ಕೆ ಹೈಡ್ರೋಜನ್ ತುಂಬುವ ಬಗ್ಗೆ ಒಳ್ಳೊಳ್ಳೆ ಉಪಕರಣಗಳು ಹುಟ್ಟಿದವು. ಇಬ್ಬನಿ ಹೇಳಿದ 2025ರ ಪ್ರಯೋಗದ ಬೇರು ಇರುವುದು ಅಲ್ಲೇ, ಎರಡೂ ತಂಡಗಳಲ್ಲಿ ಬರ್ಲಿಂಗೆಟ್ ಅನ್ನುವ ವಿಜ್ಞಾನಿ ಇದ್ದಾರೆ. ಈ ಸಲ ಅವರು ಶಾಖದ ಗೊಡವೆಗೇ ಹೋಗಲಿಲ್ಲ, ನ್ಯೂಟ್ರಾನ್ ಎಣಿಸಿದರು.

ತೆರೆದಬಾಗಿಲು

ನ್ಯೂಟ್ರಾನ್ ಬರಲಿಲ್ಲ ಅಂದರೆ ಫ್ಯೂಷನ್ ಆಗಲಿಲ್ಲ ಅಂತಲೇ ಯಾಕೆ ಅನ್ನಬೇಕು? ಶಕ್ತಿಯನ್ನು ಇಡೀ ಹರಳೇ ಹಂಚಿಕೊಂಡಿದ್ದರೆ? ಮೊಸ್‌ಬೌರ್ 1958ರಲ್ಲಿ ತೋರಿಸಿದ್ದು ಅದನ್ನೇ ಅಲ್ವಾ? ನ್ಯೂಕ್ಲಿಯಸ್ ಗಾಮಾ ಕಿರಣ ಹೊರಹಾಕುವಾಗ ಹಿಂದಕ್ಕೆ ಒದೆಯುವ ಏಟನ್ನು ಇಡೀ ಹರಳು ತಡೆದುಕೊಳ್ಳುತ್ತದೆ. ವಿಕಿರಣಶೀಲ ಬೆರಿಲಿಯಂ-7 ಕೂಡ ಇದೆ. ಯಾವ ವಸ್ತುವಿನೊಳಗೆ ಇಟ್ಟಿದ್ದೇವೆ ಅನ್ನುವುದರ ಮೇಲೆ ಅದರ ಅರ್ಧಾಯು (ಅರ್ಧದಷ್ಟು ಕ್ಷಯ ಆಗಲು ಹಿಡಿಯುವ ಸಮಯ) ಬದಲಾಗುತ್ತದೆ.

ಅಲೆಗಣಿತ

ಎರಡೂ ಸತ್ಯ, ಎರಡೂ ಚೆನ್ನಾದ ಉದಾಹರಣೆ. ಅದಕ್ಕೇ ಅವುಗಳ ಒಳಗೆ ಹೋಗಿ ನೋಡೋಣ.

ಬೆರಿಲಿಯಂ-7 ಕ್ಷಯ ಆಗುವುದು ತನ್ನದೇ ಎಲೆಕ್ಟ್ರಾನ್ ಒಂದನ್ನು ನುಂಗಿಕೊಂಡು. ನ್ಯೂಕ್ಲಿಯಸ್ ಇರುವ ಜಾಗದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಎಷ್ಟಿದೆ ಅನ್ನುವುದೇ ಇಲ್ಲಿ ಮುಖ್ಯ. ಸುತ್ತಲಿನ ವಸ್ತು ಆ ಸಾಂದ್ರತೆಯನ್ನು ಒಂಚೂರು ಬದಲಿಸಬಲ್ಲದು. 2004ರಲ್ಲಿ ಜಪಾನಿನವರು ಅದನ್ನು 60 ಇಂಗಾಲದ ಪರಮಾಣುಗಳಿಂದಾದ ಚೆಂಡಿನೊಳಗೆ ಇಟ್ಟು ಅಳೆದರು. ಬೆರಿಲಿಯಂ ಲೋಹದಲ್ಲಿ ಇದ್ದಾಗಿನದಕ್ಕೆ ಹೋಲಿಸಿದರೆ ಅರ್ಧಾಯುವಿನಲ್ಲಿ 0.83% ವ್ಯತ್ಯಾಸ. ಎಲೆಕ್ಟ್ರಾನ್‌ನ ಕೈ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ವಸ್ತುವಿನ ಪ್ರಭಾವ ಇದೆ. ಡ್ಯೂಟೀರಿಯಂ ಮರೆಯೂ ಅದೇ ಜಾತಿಯದು.

ಮೊಸ್‌ಬೌರ್ ವಿಷಯದಲ್ಲಿ ಸಮಯ ನೋಡಿ. ಈ ಪರಿಣಾಮಕ್ಕೆ ಹೆಸರಾದ ಕಬ್ಬಿಣ-57ರಲ್ಲಿ ಗಾಮಾ ಕಿರಣ ಹೊರಹಾಕುವ ಸ್ಥಿತಿಯ ಅರ್ಧಾಯು 98 ನ್ಯಾನೋಸೆಕೆಂಡ್. ಪರಮಾಣು ಪ್ರಪಂಚದಲ್ಲಿ ಇದು ಯುಗದಷ್ಟು ದೀರ್ಘ. ಹರಳಿನ ಒಂದು ಕಂಪನಕ್ಕೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು ಸಾಕು. ಹಾಗಾಗಿ ಹರಳಿಗೆ ಪಾಲ್ಗೊಳ್ಳಲು ಬೇಕಾದಷ್ಟು ಸಮಯ ಇದೆ. ಎರಡು ಡ್ಯೂಟೀರಿಯಂ ಸೇರಿ ಆದ ಉದ್ರಿಕ್ತ ಹೀಲಿಯಂ ಉಳಿಯುವುದು ಆ ಕಂಪನದ ಸಮಯದ ಕೋಟಿಯಲ್ಲಿ ಒಂದು ಪಾಲಿನಷ್ಟೂ ಇಲ್ಲ. ಅಷ್ಟರಲ್ಲಿ ಬೆಳಕು ಕೂಡ ಪಕ್ಕದ ಪರಮಾಣುವಿನ ತನಕ ಹೋಗಲಾರದು. ಇಲ್ಲೊಂದು ಘಟನೆ ಆಯಿತು ಅನ್ನುವ ಸುದ್ದಿ ಪಕ್ಕದವರಿಗೆ ಮುಟ್ಟುವ ಮೊದಲೇ ನ್ಯೂಟ್ರಾನ್ ಹೊರಟುಹೋಗಿರುತ್ತದೆ. ಶಕ್ತಿ ಹಂಚಿಕೊಳ್ಳುವ ಸಿದ್ಧಾಂತ ತರುವವರು ಈ ತೊಡಕನ್ನು ಮೊದಲು ದಾಟಬೇಕು. ಬೆಸೆಯುವ ಮೊದಲೇ ಹರಳಿಗೂ ನ್ಯೂಕ್ಲಿಯಸ್‌ಗೂ ನಂಟು ಇರುತ್ತದೆ ಅನ್ನುವ ವಾದಗಳಿವೆ, ಓದಿದ್ದೇನೆ. ಅವುಗಳನ್ನು ಒರೆಗೆ ಹಚ್ಚುವಂಥ ಅಳತೆ ಮಾತ್ರ ಬೇಕಾಗಿದೆ.

ಸಣ್ಣಪ್ರಶ್ನೆ

ನಾಸಾದವರು ಹರಳಿನೊಳಗೇ ಫ್ಯೂಷನ್ ಮಾಡಿದರು ಅಂತ ಸುದ್ದಿ ಬಂದಿತ್ತಲ್ಲ?

ಕಿರಣಶಾಲೆ

ಬಂದಿತ್ತು, 2020ರಲ್ಲಿ. ಗ್ಲೆನ್ ಸಂಶೋಧನಾ ಕೇಂದ್ರದವರು. ಎರ್ಬಿಯಂ ಮತ್ತು ಟೈಟಾನಿಯಂ ಲೋಹಗಳಿಗೆ ಡ್ಯೂಟೀರಿಯಂ ತುಂಬಿ, 29 ಲಕ್ಷ ಎಲೆಕ್ಟ್ರಾನ್ ವೋಲ್ಟ್ ತನಕದ ಗಾಮಾ ಕಿರಣ ಹಾಯಿಸಿದರು. ಡ್ಯೂಟೀರಿಯಂ ಒಡೆಯಲು 22 ಲಕ್ಷ ಸಾಕು. ಒಡೆದಾಗ ಸಿಡಿದ ನ್ಯೂಟ್ರಾನ್ ಇನ್ನೊಂದು ಡ್ಯೂಟೀರಿಯಂಗೆ ಡಿಕ್ಕಿ ಹೊಡೆಯುತ್ತದೆ, ಅದು ವೇಗ ಪಡೆದು ಮೂರನೆಯದಕ್ಕೆ ಬಡಿಯುತ್ತದೆ. ಫ್ಯೂಷನ್‌ನ ಗುರುತಾದ 25 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್‌ಗಳು ಕಂಡವು. ಲೋಹ ತಣ್ಣಗಿತ್ತು, ಬೆಸೆದ ಕಣ ತಣ್ಣಗಿರಲಿಲ್ಲ. ಈ ವ್ಯತ್ಯಾಸ ಸುದ್ದಿಗಳಲ್ಲಿ ಕಳೆದುಹೋಗುತ್ತದೆ.

ಹಾಗೆ ನೋಡಿದರೆ ಲೋಹದೊಳಗೆ ಫ್ಯೂಷನ್ ದಿನಾ ನಡೆಯುವ ಕೆಲಸ. ತೈಲಬಾವಿಗಳಲ್ಲಿ ಬಂಡೆ ಪರೀಕ್ಷಿಸಲು ಇಳಿಸುವ ನ್ಯೂಟ್ರಾನ್ ಕೊಳವೆಯಲ್ಲಿ ಆಗುವುದು ಇದೇ. ಟೈಟಾನಿಯಂನಂಥ ಲೋಹದಲ್ಲಿ ಟ್ರಿಟಿಯಂ ತುಂಬಿರುತ್ತಾರೆ, ಲಕ್ಷ ವೋಲ್ಟಿನಲ್ಲಿ ಡ್ಯೂಟೀರಿಯಂ ಹೊಡೆಯುತ್ತಾರೆ. ಸೆಕೆಂಡಿಗೆ ಹತ್ತು ಕೋಟಿ ನ್ಯೂಟ್ರಾನ್ ಬರುತ್ತದೆ. ಇಷ್ಟಾದರೂ ಹಾಕಿದ ಶಕ್ತಿಯ ಸಾವಿರದಲ್ಲಿ ಒಂದು ಪಾಲೂ ವಾಪಸ್ ಬರುವುದಿಲ್ಲ. ಕಾರಣ ಮತ್ತೆ ಎಲೆಕ್ಟ್ರಾನ್‌ಗಳೇ. ಒಳಗೆ ಬಂದ ಕಣದ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಅವು ಕಸಿದುಕೊಂಡು ಲೋಹವನ್ನು ಬಿಸಿ ಮಾಡುತ್ತವೆ. ಮರೆ ಹಿಡಿಯುವವರೂ ಅವರೇ, ಓಟ ನಿಲ್ಲಿಸುವವರೂ ಅವರೇ. ಘನವಸ್ತುವಿನಲ್ಲಿ ಒಂದು ಬೇಕು, ಇನ್ನೊಂದು ಬೇಡ ಅನ್ನಲು ಆಗುವುದಿಲ್ಲ.

ಚುಕ್ಕಿಲೋಕ

ಎಲ್ಲರೂ ಭೂಮಿಯ ಮೇಲಿನ ಲೋಹದ ಬಗ್ಗೆಯೇ ಮಾತಾಡುತ್ತಿದ್ದೀರಿ. ಹರಳು ನಿಜಕ್ಕೂ ಒತ್ತಿ ಫ್ಯೂಷನ್ ಮಾಡಿಸುವ ಜಾಗವೂ ಇದೆ. ಶ್ವೇತಕುಬ್ಜಗಳು, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರಗಳು, ತಣಿಯುತ್ತಾ ಒಳಗೆ ಇಂಗಾಲ, ಆಮ್ಲಜನಕದ ಹರಳಾಗುತ್ತವೆ. ಗಾಯಾ ದೂರದರ್ಶಕದ ಮಾಹಿತಿಯಿಂದ 2019ರಲ್ಲಿ ಇದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಅತಿ ಭಾರದ ಶ್ವೇತಕುಬ್ಜದ ನಡುಭಾಗದಲ್ಲಿ ಸಾಂದ್ರತೆ ಘನ ಸೆಂಟಿಮೀಟರಿಗೆ ನೂರು ಕೋಟಿ ಗ್ರಾಂ ದಾಟಿದರೆ, ಶಾಖವೇ ಇಲ್ಲದಿದ್ದರೂ ನ್ಯೂಕ್ಲಿಯಸ್‌ಗಳು ತಮ್ಮ ಜಾಗದಲ್ಲಿ ನಡುಗುವ ಆ ಕ್ವಾಂಟಂ ನಡುಕವೇ ಸಾಕಾಗುತ್ತದೆ. ಪಕ್ಕದ ಸಂದಿಗೆ ನುಸುಳಿ ಬೆಸೆದುಬಿಡುತ್ತವೆ. ಕ್ಯಾಮರಾನ್ 1959ರಲ್ಲಿ ಇದನ್ನು ಪಿಕ್ನೋನ್ಯೂಕ್ಲಿಯರ್ ಅಂತ ಕರೆದರು. ಪಲ್ಲಾಡಿಯಂನಿಂದ ಜನ ಬಯಸಿದ್ದು ಇದನ್ನೇ. ಪಲ್ಲಾಡಿಯಂ ಸಾಂದ್ರತೆ 12 ಗ್ರಾಂ.

ಇಬ್ಬನಿ

ಚುಕ್ಕಿಲೋಕ ಅವರ ಉತ್ತರ ಓದಿ ಮೈ ಜುಂ ಅಂದಿತು. ಎಲ್ಲರಿಗೂ ಧನ್ಯವಾದ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಆ 15%ದಲ್ಲಿ ಇಂಧನ ಜಾಸ್ತಿ ಆದದ್ದರ ಪಾಲು ಎಷ್ಟು, ಮರೆಯ ಪಾಲು ಎಷ್ಟು? ಬೇರ್ಪಡಿಸುವುದು ಹೇಗೆ?

ಕಿರಣಶಾಲೆ

ಲೇಖಕರು ಏರಿಕೆಗೆ ಕೊಡುವ ಕಾರಣ ಇಂಧನ ಜಾಸ್ತಿ ತುಂಬಿದ್ದು. ಕಿರಣದ ಶಕ್ತಿ ನೋಡಿದರೆ ನನಗೂ ಅದೇ ಸರಿ ಅನಿಸುತ್ತದೆ. ಹತ್ತಾರು ಸಾವಿರ ವೋಲ್ಟಿನಲ್ಲಿ ಮರೆಯ ಪಾಲು ಕೆಲವೇ ಶೇಕಡಾ ಅಂತ ಅಲೆಗಣಿತ ಮೇಲೆ ತೋರಿಸಿದ್ದಾರೆ. ಅದು ತುಂಬಿಸುವ ಮೊದಲೂ ಇದ್ದೇ ಇತ್ತು.

ಬೇರ್ಪಡಿಸಲು ಒಂದು ನೇರ ದಾರಿ ಇದೆ. ಇಂಧನ ಜಾಸ್ತಿ ಆದರೆ ದರ ಎಲ್ಲ ಶಕ್ತಿಗಳಲ್ಲೂ ಒಂದೇ ಪ್ರಮಾಣದಲ್ಲಿ ಏರಬೇಕು. ಮರೆ ಆದರೆ ಶಕ್ತಿ ಇಳಿದಂತೆ ಏರಿಕೆ ಕಡಿದಾಗುತ್ತಾ ಹೋಗಬೇಕು. ಆದ್ದರಿಂದ ಒಂದೇ ತಗಡನ್ನು ಹಲವು ಶಕ್ತಿಗಳಲ್ಲಿ ಅಳೆಯಬೇಕು, ತುಂಬಿಸಿ ಒಮ್ಮೆ, ತುಂಬಿಸದೆ ಒಮ್ಮೆ. ಅನುಪಾತದ ಗೆರೆ ಅಡ್ಡಡ್ಡ ಇದ್ದರೆ ಲೋಹ ಬರೀ ಪಾತ್ರೆ. ಎಡಕ್ಕೆ, ಅಂದರೆ ಕಡಿಮೆ ಶಕ್ತಿಯ ಕಡೆಗೆ, ಹೋಗುತ್ತಾ ಮೇಲಕ್ಕೆ ಬಾಗಿದರೆ ಅದರ ಕೈ ಇದೆ. ಜೊತೆಗೆ ನ್ಯೂಟ್ರಾನ್, ಪ್ರೋಟಾನ್ ಎರಡನ್ನೂ ಎಣಿಸಬೇಕು. ಅವುಗಳ ಅರ್ಧ-ಅರ್ಧ ಹಂಚಿಕೆ ಕೆಳಗಿನ ಶಕ್ತಿಯಲ್ಲಿ ಬದಲಾದರೆ ತೆರೆದಬಾಗಿಲು ಕೇಳುತ್ತಿರುವ ಪ್ರಶ್ನೆಗೂ ಅಲ್ಲೇ ಉತ್ತರದ ತುದಿ ಸಿಗುತ್ತದೆ.

ಸಣ್ಣಪ್ರಶ್ನೆ

1 ಸಾವಿರದಷ್ಟು ಕೆಳಗೆ ಎಣಿಸಲು ಏನಾದರೂ ಸಿಗುತ್ತದಾ? ಆಕಾಶದಿಂದ ಬರುವ ವಿಶ್ವಕಿರಣಗಳೇ ಮುಚ್ಚಿಹಾಕುವುದಿಲ್ಲವಾ?

ಕಿರಣಶಾಲೆ

ಮುಚ್ಚಿಹಾಕುತ್ತವೆ, ನೆಲದ ಮೇಲೆ ಕೂತರೆ. ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದ ಕೆಳಗೆ ಲೂನಾ ಅನ್ನುವ ವೇಗವರ್ಧಕ ಇದೆ. ತಲೆಯ ಮೇಲೆ 1400 ಮೀಟರ್ ಬಂಡೆ, ವಿಶ್ವಕಿರಣದ ಮ್ಯೂಆನ್‌ಗಳು ಅಲ್ಲಿ ಹತ್ತು ಲಕ್ಷ ಪಟ್ಟು ಕಡಿಮೆ. ಎರಡು ಹೀಲಿಯಂ-3 ಬೆಸೆಯುವುದನ್ನು ಅವರು ಸೂರ್ಯನ ಒಳಗಿನ ಶಕ್ತಿಯಲ್ಲೇ ಅಳೆದು 1999ರಲ್ಲಿ ಪ್ರಕಟಿಸಿದರು. ಅತ್ಯಂತ ಕೆಳಗಿನ ಬಿಂದುವಿನಲ್ಲಿ ಅವರಿಗೆ ಸಿಕ್ಕಿದ ಎಣಿಕೆ ತಿಂಗಳಿಗೆ ಎರಡರಷ್ಟು. ಆ ಎರಡನ್ನು ನಂಬಬಹುದಿತ್ತು, ಯಾಕೆಂದರೆ ಬೇರೆ ಏನೂ ಸದ್ದು ಮಾಡುತ್ತಿರಲಿಲ್ಲ. ಡ್ಯೂಟೀರಿಯಂ ತುಂಬಿದ ಪಲ್ಲಾಡಿಯಂ ಅನ್ನು ಅಂಥ ಕಡೆ ಇಟ್ಟು, ತುಂಬಿಸುವುದನ್ನು 1 ವೋಲ್ಟಿನಿಂದ ಹಿಡಿತದಲ್ಲಿ ಇಟ್ಟುಕೊಂಡು, ತಿಂಗಳುಗಟ್ಟಲೆ ಕೆಳಗಿಳಿಯುವ ತಾಳ್ಮೆ ಇರುವ ತಂಡ ಬೇಕು.